ಎಲ್ಲ ನಾಜಲ್‌ಗೂ ಕುಂಕುಮ

ನಾವು ಸಣ್ಣವರಿದ್ದಾಗ ಶಹಾಬಾದಿನಲ್ಲಿ ಯಾವ ಮಗು ಯಾರ ಮನೆಯದು ಎಂದು ಮೂಗಿನಿಂದಲೇ ಹೇಳಬಹುದಿತ್ತು. ಖಣಿಯವರ ಮಕ್ಕಳ ಮೈಗೆ ಕಲ್ಲುಪುಡಿಯ ವಾಸನೆ, ಗಾಣದವರ ಮಕ್ಕಳಿಗೆ ಕುಸುಬೆ ಎಣ್ಣೆಯದು. ನನಗೆ ಡೀಸೆಲ್ ವಾಸನೆ. ಅವ್ವ ಸೀಗೆಪುಡಿ ಹಚ್ಚಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹೋಗುವುದು ನನಗೂ ಬೇಕಿರಲಿಲ್ಲ.

ನಿಜಾಮನ ರಾಜ್ಯದ ಕಡೆಯ ದಿನಗಳು ಅವು. ಲಡಾಯಿ ಮುಗಿದು ಮಿಲಿಟರಿಯ ಹಳೆಯ ಲಾರಿಗಳು ಮಾರಾಟಕ್ಕೆ ಬಂದಾಗ ಅಪ್ಪ ಒಂದು, ಅಪ್ಪನ ತಮ್ಮ ನಮ್ಮ ಕಾಕಾ ಒಂದು ಕೊಂಡಿದ್ದರು. ಎರಡೂ ಒಂದೇ ಜಾತಿಯ ಡೀಸೆಲ್ ಲಾರಿಗಳು; ದಾರಿ ಮಾತ್ರ ಬೇರೆ. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲು ಹೇರಿಕೊಂಡು ವಾಡಿ ಸ್ಟೇಷನ್ನಿಗೆ ಹೋಗುತ್ತಿದ್ದ. ಅದು ಸಪಾಟು ದಾರಿ, ಎತ್ತು ಕೂಡ ತೂಕಡಿಸುತ್ತ ನಡೆಯಬಹುದು. ಕಾಕಾನದು ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಯ ಕಡೆಗೆ. ಅಲ್ಲೊಂದು ಏರು ಇತ್ತು. ಆ ಏರಿನಲ್ಲಿ ಕಾಕಾನ ಲಾರಿ ಒಮ್ಮೆ ನಿಂತೇಬಿಟ್ಟಿತು. ಅರ್ಧ ಕಲ್ಲು ಇಳಿಸಿ, ಬಂಡಿಯವರ ಎತ್ತು ಕಟ್ಟಿ ಎಳೆಸಬೇಕಾಯಿತು. ಬಂಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ನಕ್ಕರೆ ನಗಲಿ, ಆದರೆ ಕಲ್ಲಿನ ಸಾಹುಕಾರ, ಇನ್ನೊಮ್ಮೆ ಹೀಗಾದರೆ ಚಿಂಚೋಳಿಯ ಮಾಲೆಲ್ಲ ಬಂಡಿಗೇ ಕೊಡುವೆ ಎಂದುಬಿಟ್ಟ. ಹಾಗಾದರೆ ಲಾರಿ ಮಾರಿ ಮುಂಬಯಿಗೆ ಹೋಗಿ ಮಿಲ್ಲು ಸೇರುತ್ತೇನೆ ಎಂದು ಕಾಕಾ ಅವ್ವನ ಮುಂದೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. ಫರಸಿಯ ಚೂರಿನಿಂದ ಕುಂಟಾಟದ ಬಿಲ್ಲೆ ಕೆತ್ತಿಕೊಡುತ್ತಿದ್ದವನು ಕಾಕಾ. ಹೆಗಲ ಮೇಲೆ ಹೊತ್ತು ಸಂತೆ ತೋರಿಸುತ್ತಿದ್ದವನೂ ಅವನೇ. ಅವನು ಕೆತ್ತಿಕೊಟ್ಟ ಬಿಲ್ಲೆಗಳನ್ನೆಲ್ಲ ಆ ರಾತ್ರಿ ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ.

ಆಗ ಬಂದವರು ಖಾಸಿಂ ಚಾಚಾ. ನಮ್ಮ ಓಣಿಯ ಇಂಜಿನ್ ಮಿಸ್ತ್ರಿ. ಅಂಥ ಜಂಬದ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ, ಅಂಥ ಕೈಗುಣವನ್ನೂ ಕಂಡಿಲ್ಲ. ಹೈದರಾಬಾದಿನಿಂದ ಆಚೆ ತಮ್ಮಂಥವರಿಲ್ಲ ಎಂದು ತಾವೇ ಹೇಳಿಕೊಳ್ಳುತ್ತಿದ್ದರು. ಓಡುತ್ತಿರುವ ಇಂಜಿನ್ನಿನ ಮೇಲೆ ಅಂಗೈ ಇಟ್ಟು ಅದರ ರೋಗ ಹೇಳುವಾಗ ನಾವು ನಂಬದೆ ಇರುವುದು ಹೇಗೆ? ಇಂಜಿನ್ನಿನೊಳಗೆ ಎಣ್ಣೆ ಮಂಜಿನಂತೆ ಚಿಮ್ಮುವುದು ನಾಜಲ್ ಎಂಬ ಹೆಬ್ಬೆರಳಿನಷ್ಟು ಉಕ್ಕಿನ ತುಂಡಿನಿಂದ. ಅದರ ತುದಿಯ ತೂತುಗಳು ಸೂಜಿಮೊನೆಗಿಂತ ಸಣ್ಣವು. ಎಲ್ಲ ಇರುವುದು ಆ ತೂತಿನಲ್ಲಿ ಎಂದರು ಚಾಚಾ.

"ಒಲಿ ಇದ್ದಂಗ ನೋಡವ್ವಾ," ಎಂದು ನನಗೇ ತಿಳಿಸಿ ಹೇಳಿದರು. "ದೊಡ್ಡ ತೂತು ಅಂದ್ರ ಕಟಗಿ ಜಾಸ್ತಿ, ಬೆಂಕಿ ಜಾಸ್ತಿ, ಹೊಗಿನೂ ಜಾಸ್ತಿ. ವಾಡಿ ದಾರಿಗಿ ಸಣ್ಣ ತೂತೇ ಸಾಕು, ದೊಡ್ಡದು ಹಾಕಿದ್ರ ಎಣ್ಣಿ ದಂಡ. ಚಿಂಚೋಳಿಗಿ ಸಣ್ಣದು ಹಾಕಿದ್ರ ಏರಿನಾಗ ದಮ್ಮು ಹತ್ತತದ."

ಹೈದರಾಬಾದಿಗೆ ಹೋಗಿ ಎರಡೂ ಲಾರಿಗೆ ಬೇರೆ ಬೇರೆ ನಾಜಲ್ ಆರಿಸಿ ತಂದರು. ಹಳೇ ಬಜಾರಿನ ಮಾಲು, ಮೇಲಿನ ಅಂಕಿ ಅಕ್ಷರ ಸವೆದು ಹೋಗಿದ್ದವು. ನೋಡಲು ಎಲ್ಲ ಒಂದೇ. ಗುರುತಿಗೆಂದು ಚಾಚಾ ದೊಡ್ಡ ತೂತಿನವಕ್ಕೆಲ್ಲ ಕೆಂಪು ಬಣ್ಣದ ಬೊಟ್ಟು ಇಟ್ಟರು. ಮರುದಿನ ಖಂಡೆ ಪೂಜೆ, ದಸರೆಯ ಆಯುಧ ಪೂಜೆ. ಪೂಜೆ ಮುಗಿಸಿ ಜೋಡಿಸೋಣವೆಂದು ಎಲ್ಲವನ್ನೂ ಹಿತ್ತಾಳೆಯ ಪರಾತದಲ್ಲಿಟ್ಟು ನಮ್ಮ ಆಯಿಯ ಕೈಗೆ ಕೊಟ್ಟುಹೋದರು. ಆಯಿ ಎಂದರೆ ಅಪ್ಪನ ತಾಯಿ, ಮನೆಯ ಹೈಕೋರ್ಟು.

ಬೆಳಗ್ಗೆ ಹೋಳಿಗೆಯ ಹೂರಣ ಬೇಯುವ ವಾಸನೆಗೆ ಎದ್ದು ಬಂದರೆ ಆಯಿ ಬೂದಿ, ಹುಣಸೆಹಣ್ಣು ಹಚ್ಚಿ ನಾಜಲ್‌ಗಳನ್ನು ತಿಕ್ಕುತ್ತ ಗೊಣಗುತ್ತಿದ್ದಳು.

"ಅರ್ಧಾ ಮಂದಿಗಿ ಕುಂಕುಮ ಹಚ್ಚಿ ಅರ್ಧಾ ಮಂದಿಗಿ ಬಿಟ್ಟಾನ ನೋಡು ಖಾಸಿಮ. ಒಬ್ಬರಿಗಿ ಹಚ್ಚಿ ಒಬ್ಬರಿಗಿ ಬಿಡಬಾರ್ದವ್ವಾ."

ಹೀಗೆ ಹೇಳಿ ಎಲ್ಲವನ್ನೂ ಫಳಫಳ ಹೊಳೆಯಿಸಿ, ಒಂದನ್ನೂ ಬಿಡದೆ ವಿಭೂತಿ ಬಳಿದು ಕುಂಕುಮದ ಬೊಟ್ಟಿಟ್ಟಳು. ನನಗೂ ಅದೇ ನ್ಯಾಯವೆನಿಸಿತು. ಚೆಂಡು ಹೂ ತಂದು ಕೊಟ್ಟೆ.

ಪೂಜೆ ಮುಗಿದು, ಎಲ್ಲರೂ ಹೋಳಿಗೆ ಉಂಡ ಮೇಲೆ ಚಾಚಾ ಪರಾತ ಎಳೆದುಕೊಂಡು ಕುಳಿತರು. ನೋಡಿದರು. ಮತ್ತೆ ನೋಡಿದರು. ಅವರ ಬಣ್ಣ ಉಳಿದಿರಲಿಲ್ಲ, ಎಲ್ಲಕ್ಕೂ ಕುಂಕುಮ. ಕಾಕಾನ ಮುಖ ಸುಣ್ಣವಾಯಿತು. ಮರುದಿನ ಬನ್ನಿ ಹಬ್ಬ, ಅಂದೇ ಕಲ್ಲು ಚಿಂಚೋಳಿ ಮುಟ್ಟಬೇಕಿತ್ತು, ಲಾರಿಗೆ ಆಗಲೇ ಹೇರಿಯೂ ಆಗಿತ್ತು. ಸಣ್ಣದು ದೊಡ್ಡದು ಕಲೆಸಿ ಹಾಕಿದರೆ ಇಂಜಿನ್ನು ಕುಂಟೆತ್ತಿನಂತೆ ನಡೆಯುತ್ತದೆ, ಏರಿನ ಮಾತೇ ಬೇಡ. ಅಪ್ಪ ಆಯಿಯ ಮೇಲೆ ರೇಗಲು ಬಾಯಿ ತೆರೆದ. ಚಾಚಾ ಕೈ ಅಡ್ಡ ಹಿಡಿದರು.

"ಆಯಿಗಿ ಏನೂ ಅನಬ್ಯಾಡ್ರಿ. ನಾನು ಹಚ್ಚಿದ್ದು ಬಣ್ಣ, ಆಯಿ ಹಚ್ಚಿದ್ದು ಕುಂಕುಮ. ನನ್ನದಕ್ಕಿಂತ ಅದೇ ಮ್ಯಾಲಿಂದು."

ಮೊದಲು ಚಿಮಣಿ ಎಣ್ಣೆಯಲ್ಲಿ ಎಲ್ಲವನ್ನೂ ತೊಳೆದು ತೂತಿಗೆ ಸಿಕ್ಕ ವಿಭೂತಿ ತೆಗೆದರು. ಆಮೇಲೆ ತೂತು ಅಳೆಯುವ ಕೆಲಸ. ದೊಡ್ಡದರಲ್ಲಿ ಹೋಗುವ, ಸಣ್ಣದರಲ್ಲಿ ಹೋಗದ ಒಂದು ಎಳೆ ಬೇಕು. ಅವರ ಪೆಟ್ಟಿಗೆಯ ತಂತಿ ಎರಡರಲ್ಲೂ ಹೋಯಿತು. ಅವ್ವನ ಸೂಜಿ ಎರಡರಲ್ಲೂ ಹೋಗಲಿಲ್ಲ. ನಾನು ನನ್ನ ಕೂದಲು ಕಿತ್ತುಕೊಟ್ಟೆ. ಅದು ಎಲ್ಲಿ ಬೇಕಾದಲ್ಲಿ ನುಸುಳಿತು. ಚಾಚಾನ ಜಂಬವೆಲ್ಲ ಎಲ್ಲಿಗೋ ಹೋಗಿ, ಹಣೆಯ ಮೇಲೆ ಬೆವರು ನಿಂತಿತ್ತು.

ಕಂಬಕ್ಕೊರಗಿ ಕುಳಿತಿದ್ದ ಆಯಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಮುತ್ಯಾನ ತಂಬೂರಿ. ನನ್ನ ಮುತ್ಯಾ, ಅಂದರೆ ಆಯಿಯ ಗಂಡ, ತತ್ವಪದ ಹಾಡುತ್ತಿದ್ದವನು. ಅವನು ಹೋದಂದಿನಿಂದ ಆ ತಂಬೂರಿ ಗೂಟಕ್ಕೆ ನೇತುಬಿದ್ದಿತ್ತು. ಧೂಳು ಒರೆಸುವುದಕ್ಕೂ ಆಯಿ ಇನ್ನೊಬ್ಬರಿಗೆ ಬಿಡುತ್ತಿರಲಿಲ್ಲ. ಈಗ ತಾನೇ ಬಿರಡೆ ತಿರುವಿ, ಎಲ್ಲಕ್ಕಿಂತ ತೆಳ್ಳಗಿನ ತಂತಿಯನ್ನು ಬಿಚ್ಚಿ ಕೊಟ್ಟಳು.

"ಹಾಡೋರು ಹ್ವಾದ್ರು. ಇದನ ಹಾಕಿ ನೋಡು."

ಚಾಚಾ ಎರಡೂ ಕೈಯಲ್ಲಿ ಇಸಕೊಂಡರು. ಮೊದಲ ನಾಜಲ್‌ನಲ್ಲಿ ತಂತಿ ಹೋಗಲಿಲ್ಲ. ಎರಡನೆಯದರಲ್ಲಿ ಸರಕ್ಕನೆ ಇಳಿಯಿತು. ಒಂದೊಂದಾಗಿ ಎರಡು ಗುಂಪಾದವು. ಆದರೂ ಚಾಚಾ ಬಿಡಲಿಲ್ಲ. ಪ್ರತಿಯೊಂದನ್ನೂ ಕೈಪಂಪಿಗೆ ಜೋಡಿಸಿ ರದ್ದಿ ಕಾಗದದ ಮೇಲೆ ಎಣ್ಣೆ ಚಿಮ್ಮಿಸಿ, ಕಲೆಗೆ ಕಲೆ ಹೋಲಿಸಿ ನೋಡಿಯೇ ಜೋಡಿಸಿದರು. ದೊಡ್ಡ ತೂತಿನದು ಚಿಮ್ಮಿದಾಗ ಅಂಗಳದ ಬಿಸಿಲಿನಲ್ಲಿ ಏಳುತ್ತಿದ್ದ ಆ ಮಂಜು, ಆ ವಾಸನೆ ನನಗಿನ್ನೂ ನೆನಪಿದೆ. ಎಷ್ಟು ಚಂದದ ಕೆಲಸ ಅದು!

ಮರುದಿನ ಚಾಚಾನನ್ನೂ ಕೂರಿಸಿಕೊಂಡು ಲಾರಿ ಹೊರಡುವಾಗ ಆಯಿ ಸೀರೆ ಎತ್ತಿ ಕಟ್ಟಿ ಮುಂದಿನ ಸೀಟು ಹತ್ತಿಬಿಟ್ಟಳು. ಅವಳ ಸೆರಗು ಹಿಡಿದು ನಾನು. ಕಾಕಾ ಬೇಡವೆಂದ. ಹೈಕೋರ್ಟು ಕೇಳಲಿಲ್ಲ.

"ಕೆಡಿಸಿದಾಕಿ ನಾನು. ಏರಲಿಲ್ಲಂದ್ರ ನನಗ ಇಳಸ್ರಿ, ಕಲ್ಲು ಇಳಸಬ್ಯಾಡ್ರಿ."

ಏರಿನ ಬುಡದಲ್ಲಿ ಬಂಡಿಯವರು ಎತ್ತು ಬಿಚ್ಚಿ ಬೇವಿನ ನೆರಳಲ್ಲಿ ಕುಳಿತಿದ್ದರು. ನಮ್ಮನ್ನು ಕಂಡು ಒಬ್ಬ ನೊಗಕ್ಕೆ ಹಗ್ಗ ಕಟ್ಟತೊಡಗಿದ. ಕಾಕಾ ಗೇರು ಬದಲಿಸಿದ. ಲಾರಿ ಗುಡುಗಿತು. ಚಾಚಾ ಕಣ್ಣು ಮುಚ್ಚಿ, ಅಂಗೈಯನ್ನು ಮುಂದಿನ ತಗಡಿನ ಮೇಲಿಟ್ಟು ಕುಳಿತಿದ್ದರು. ಅರ್ಧ ಏರಿನಲ್ಲಿ ಗಾಡಿ ಒಂದು ಸಲ ತಡವರಿಸಿತು. ಆಯಿ ನನ್ನ ಕೈಯನ್ನು ನೋಯುವಷ್ಟು ಹಿಡಿದಳು. ಚಾಚಾ ಕಣ್ಣು ತೆರೆಯದೆ, ಒತ್ತು ಎಂದರು. ಕಾಕಾ ಒತ್ತಿದ. ಹಿಂದೆ ಕಾಡಿಗೆಯಂಥ ಹೊಗೆ ಎದ್ದು ಬಂಡಿಯವರನ್ನೆಲ್ಲ ಮುಚ್ಚಿತು. ಲಾರಿ ಮೇಲಕ್ಕೆ ಬಂದು ನಿಂತಿತು. ಒಂದು ಕಲ್ಲೂ ಇಳಿದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಮುಖ ಕಪ್ಪು ಮಾಡಿಕೊಂಡ ಬಂಡಿಯವರು ಏರು ಹತ್ತಿ ಬಂದರು. ಜಗಳವೆಂದುಕೊಂಡೆ. ಹಿರಿಯವನೊಬ್ಬ ರುಮಾಲಿನ ಅಂಚಿನಿಂದ ಬನ್ನಿ ಎಲೆ ತೆಗೆದು ಕಾಕಾನ ಕೈಗಿಟ್ಟು, ಚಾಚಾನಿಗೂ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ," ಎಂದ. ಕಾಕಾ ಅಳುತ್ತಿದ್ದ. ಮುಂಬಯಿಯ ಮಾತು ಅಲ್ಲಿಗೆ ಮುಗಿಯಿತು.

ಮನೆಗೆ ಬಂದು ಚಾಚಾ ತಂತಿಯನ್ನು ಹಿಂದಿರುಗಿಸಲು ಹೋದರೆ ಆಯಿ ತೆಗೆದುಕೊಳ್ಳಲಿಲ್ಲ. ಇಲ್ಲಿ ಸುಮ್ಮನೆ ಕುಳಿತಿತ್ತು, ನಿನ್ನ ಪೆಟ್ಟಿಗೆಯಲ್ಲಾದರೂ ದುಡಿಯಲಿ ಎಂದಳು. ಆಮೇಲೆ ನಿಜಾಮನ ರಾಜ್ಯ ಹೋಯಿತು. ಆ ಗದ್ದಲದ ದಿನಗಳಲ್ಲಿ ಜೀವಕ್ಕಂಜಿ ಚಾಚಾ ಮನೆಮಂದಿಯನ್ನು ಕಟ್ಟಿಕೊಂಡು ಹೊರಟರು; ಕಾಕಾನೇ ಲಾರಿಯಲ್ಲಿ ವಾಡಿ ಸ್ಟೇಷನ್ನಿಗೆ ಬಿಟ್ಟುಬಂದ. ಪೆಟ್ಟಿಗೆಯೂ ಹೋಯಿತು, ಅದರೊಳಗೆ ಮುತ್ಯಾನ ತಂತಿಯೂ. ಎಲ್ಲಿದ್ದಾರೆಂದು ಆಮೇಲೆ ಯಾರಿಂದಲೂ ತಿಳಿಯಲಿಲ್ಲ.

ಆಯಿ ಇಲ್ಲ, ಕಾಕಾ ಇಲ್ಲ. ಆ ಏರನ್ನು ಕಡಿದು ತಗ್ಗಿಸಿದ್ದಾರೆ, ಬಸ್ಸಿನಲ್ಲಿ ಕುಳಿತವರಿಗೆ ಗೊತ್ತೂ ಆಗುವುದಿಲ್ಲ. ತಂಬೂರಿ ನನ್ನ ಮನೆಗೆ ಬಂದಿದೆ. ಹೊಸ ತಂತಿ ಹಾಕಿಸೋಣ ಎಂದು ಮೊಮ್ಮಗಳು ಕೇಳುತ್ತಾಳೆ, ನಾನು ಬೇಡ ಎನ್ನುತ್ತೇನೆ. ಖಂಡೆ ಪೂಜೆಯ ದಿನ ಮನೆಯ ಸಾಮಾನಿಗೆಲ್ಲ ಕುಂಕುಮ ಇಟ್ಟ ಮೇಲೆ ತಂಬೂರಿಯ ಆ ಖಾಲಿ ಬಿರಡೆಗೂ ಒಂದು ಬೊಟ್ಟು ಇಡುತ್ತೇನೆ. ಒಬ್ಬರಿಗೆ ಹಚ್ಚಿ ಒಬ್ಬರಿಗೆ ಬಿಡಬಾರದು.