ಗೋಡೆ ಮುಚ್ಚುವ ಅವಸರ

ಕಳೆದ ಮಂಗಳವಾರ ನನ್ನ ಮೇಲಿನ ದೂರನ್ನು ನಾನೇ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿದೆ. ಅದೂ ನಮ್ಮದೇ ಮನೆಯಲ್ಲಿ, ವೈರಿಂಗ್ ಪರೀಕ್ಷಿಸಲು ಸಿಟಿ ಆಫೀಸಿನಿಂದ ಬಂದ ಇನ್‌ಸ್ಪೆಕ್ಟರ್ ಎದುರಿಗೆ.

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡಬ್ಲಿನ್‌ನ ನಮ್ಮ ಮನೆಯಲ್ಲಿ ಬೆಡ್‌ರೂಮುಗಳೆಲ್ಲ ಮಹಡಿಯ ಮೇಲೆ. ಧಾರವಾಡದಿಂದ ಬಂದು ನಮ್ಮ ಜೊತೆಗಿರುವ ಅತ್ತೆಗೆ ಮಂಡಿನೋವು. ಹಾಗಾಗಿ ಹಾಲ್‌ಗೆ ಹೊಂದಿಕೊಂಡಂತೆ ಕೆಳಗೊಂದು ಕೋಣೆ ಕಟ್ಟಿಸುತ್ತಿದ್ದೇವೆ. ವೈರಿಂಗ್ ಮಾಡಿದವಳು ಮರಿಯಾ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಹೊಸ ಕೋಣೆಯ ಪೂಜೆಗೆ ಶುಕ್ರವಾರ ಒಳ್ಳೆಯ ಮುಹೂರ್ತವಿತ್ತು. ವೈರಿಂಗ್ ಬುಧವಾರವೇ ಮುಗಿದಿತ್ತು. ಆದರೆ ಇನ್‌ಸ್ಪೆಕ್ಷನ್ ಸಿಕ್ಕಿದ್ದು ಮಂಗಳವಾರಕ್ಕೆ. ಅಲ್ಲಿಯವರೆಗೆ ಗೋಡೆಯ ಒಳಬದಿ ತೆರೆದೇ ಇರಬೇಕು. ಮರದ ಕಂಬಗಳು, ನಡುವೆ ಇಳಿಬಿದ್ದ ಹಳದಿ ಕೇಬಲ್ಲು. ಇಂಥ ಕೋಣೆಗೆ ನಾಲ್ಕು ಜನರನ್ನು ಕರೆಯುವುದು ಹೇಗೆ?

"ಫೋಟೋ ತೆಗೆದಿಟ್ಟುಕೊಂಡು ಮುಚ್ಚಿಬಿಡೋಣ" ಎಂದೆ.

"ಇನ್‌ಸ್ಪೆಕ್ಟರ್ ನೋಡದೆ ಮುಚ್ಚೋದಾದ್ರೆ ಬೇರೆಯವರನ್ನ ಕರೀರಿ" ಎಂದಳು ಮರಿಯಾ.

ನನಗೆ ಕೋಪ ಬಂತು. ತಾನು ಮಾಡಿದ ಕೆಲಸದ ಮೇಲೆ ಅವಳಿಗೇ ಕಾನ್ಫಿಡೆನ್ಸ್ ಇಲ್ಲ ಎಂದು ಗಂಡನ ಹತ್ತಿರ ಗೊಣಗಿದೆ. (ಹೇಳಿದ್ದು ಯಾರು? ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಬೇರೆಯವರ ಕೆಲಸ ಚೆಕ್ ಮಾಡಿ ಸಹಿ ಹಾಕುವುದೇ ಉದ್ಯೋಗವಾಗಿರುವ ಹೆಂಗಸು!)

ಪೂಜೆಗೆ ದೇವರ ಫೋಟೋ ಇಡಲು ಜಾಗ ಬೇಕಲ್ಲ? ಗುರುವಾರ ಸಂಜೆ ನಾನೇ ಡ್ರಿಲ್ ಹಿಡಿದು, ಅದೇ ಗೋಡೆಯ ಹಾಲ್ ಬದಿಗೆ ಒಂದು ಶೆಲ್ಫ್ ಕೂರಿಸಿದೆ. ಶುಕ್ರವಾರ ಗೋಡೆ ತೆರೆದಿದ್ದಂತೆಯೇ ಹಾಲು ಉಕ್ಕಿತು. ಬಂದವರು ಪಾಯಸ ತಿಂದು ಹೋದರು.

ಮಂಗಳವಾರ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಒಂದೊಂದೇ ಬಾಕ್ಸು ನೋಡುತ್ತಾ ಬಂದ. ಹಾಲ್ ಕಡೆಯ ಗೋಡೆಯ ಹತ್ತಿರ ನಿಂತುಬಿಟ್ಟ. ಆ ಬದಿಯಿಂದ ತೂರಿ ಬಂದ ಉದ್ದನೆಯ ಸ್ಕ್ರೂ ಒಂದು, ಮರಕ್ಕೆ ಸಿಗದೆ ಪಕ್ಕದ ಕೇಬಲ್ಲಿನ ಹೊದಿಕೆಯನ್ನು ಸೀಳಿತ್ತು. ಅತ್ತೆಯ ಮಂಚ ಬರಬೇಕಾದ ಜಾಗ ಅದು.

"ಯಾರ ಕೆಲಸ ಇದು?" ಎಂದು ಮರಿಯಾಳ ಕಡೆ ತಿರುಗಿದ.

ಅವಳು ಬಗ್ಗಿ ನೋಡಿದಳು. ಮುಖ ಕೆಂಪಾಯಿತು. ನನಗೆ ಗೊತ್ತಾಗಿತ್ತು. ಆದರೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಕುರ್ಚಿಯಲ್ಲಿ ಕೂತಿದ್ದ ಅತ್ತೆ ನನ್ನತ್ತ ಬೆರಳು ಮಾಡಿದರು. "ಆ ಸ್ಕ್ರೂ ನಮ್ಮ ಸೊಸಿ ಹಾಕ್ಯಾಳ್ರಿ. ಪಾಪ, ಆ ಹುಡುಗಿದೇನೂ ತಪ್ಪಿಲ್ಲ."

ಅವನಿಗೆ ಕನ್ನಡ ಎಲ್ಲಿ ಬರಬೇಕು? "ಏನಂತಿದ್ದಾರೆ ಇವರು?" ಎಂದು ನನ್ನನ್ನೇ ಕೇಳಿದ. ಹೇಳಿದೆ. ಒಂದಕ್ಷರ ಬಿಡದೆ.

ಅವನು ಬೈಯಲಿಲ್ಲ. ಫೇಲ್ ಎಂದು ಬರೆದು ಹೋದ. ನಾನು ಮರಿಯಾಗೆ ಸಾರಿ ಕೇಳಿದೆ. "ಈ ಸಲ ನಿಮ್ಮದು. ಇನ್ನೊಂದು ಸಲ ನನ್ನದೇ ಇರಬಹುದು. ಅದಕ್ಕೇ ನೋಡಿಸೋದು" ಎಂದು ಹೊಸ ಕೇಬಲ್ ತರಲು ಹೊರಟಳು.

ಚೆಕ್ ಮಾಡಿಸುವುದೆಂದರೆ ಅಪನಂಬಿಕೆ ಎಂದುಕೊಂಡಿದ್ದೆ. ಕೆಲಸ ಬಲ್ಲವಳು ತನ್ನನ್ನೂ ಸೇರಿಸಿಯೇ ಅನುಮಾನ ಪಡುತ್ತಾಳೆ ಎಂದು ಈಗ ಗೊತ್ತಾಯಿತು.

ನಿನ್ನೆ ಇನ್‌ಸ್ಪೆಕ್ಟರ್ ಮತ್ತೆ ಬಂದು ನೋಡಿ ಸಹಿ ಹಾಕಿದ. ಇವತ್ತು ಗೋಡೆ ಮುಚ್ಚುತ್ತಿದ್ದಾರೆ. ಸ್ವಿಚ್ಚು, ಪ್ಲಗ್ಗು ಎಲ್ಲ ಕೂರಿಸಿದ ಮೇಲೆ ಇನ್ನೊಂದು ಟೆಸ್ಟ್ ಇದೆ, ಅದಾದ ಮೇಲೇ ಸರ್ಟಿಫಿಕೇಟು. ಅತ್ತೆಗೆ ಅವಸರವಿಲ್ಲ, ನನಗೂ ಇಲ್ಲ.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ಹೊತ್ತಿನಲ್ಲಿ ಅತ್ತೆ ಅಲ್ಲಿ ಇರದಿದ್ದರೆ, ನಾನು ಬಾಯಿ ಬಿಡುತ್ತಿದ್ದೆನೇ?