ಸೊಂಟನೋವೆಂದು ಹೇಳಿ ಹೊರಟಿದ್ದೆ

ಬರಗೂರಿನಿಂದ ಶಿರಾಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಐವತ್ತು ದಾಟಿದ ಹೆಂಗಸೊಬ್ಬರು ಕಂಬಿ ಹಿಡಿದು ನಿಂತೇ ಇದ್ದರು. ‘ಬನ್ನಿ ಅಕ್ಕ, ಕೂತ್ಕೊಳ್ಳಿ’ ಎಂದೆ. ಅವರು ಬಗ್ಗಿ, ನನಗಷ್ಟೇ ಕೇಳಿಸುವಂತೆ, ‘ಬ್ಯಾಡ ಕಣಮ್ಮ. ಗಾಡಿ ಕುಲುಕಿದ್ರೆ ಸಾಕು, ಉಚ್ಚೆ ಸೋರ್ಬುಡ್ತದೆ. ಸೀಟು ಒದ್ದೆ ಮಾಡಿ ಯಾರ ಕೈಲಿ ಅನ್ನಿಸ್ಕಳ್ಳಾನ?’ ಎಂದರು.

ಎರಡನೇ ಹೆರಿಗೆಯಿಂದ ನನ್ನ ಕಷ್ಟವೂ ಅದೇ. ಅದಕ್ಕೆಂದೇ ಅವತ್ತು ಮೊದಲ ಸಲ ಶಿರಾದ ಫಿಸಿಯೋಥೆರಪಿ ಕೇಂದ್ರಕ್ಕೆ ಹೊರಟಿದ್ದೆ; ಮನೆಯಲ್ಲಿ ಮಾತ್ರ ಸೊಂಟನೋವು ಎಂದು ಹೇಳಿದ್ದೆ. ಗುರುತಿಲ್ಲದ ನನ್ನೆದುರು ಅವರು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಶಿರಾದಲ್ಲಿ ಇಳಿದ ಮೇಲೆ, ನನಗೂ ಅದೇ ತೊಂದರೆ ಎಂದು ಹೇಳಿ ಅವರನ್ನೂ ಆ ಕೇಂದ್ರಕ್ಕೆ ಜೊತೆಗೆ ಕರೆದೊಯ್ದೆ. ಅಲ್ಲಿನ ಥೆರಪಿಸ್ಟ್ ನಮ್ಮಿಬ್ಬರನ್ನೂ ಅಕ್ಕಪಕ್ಕ ಮಲಗಿಸಿ, ಮೂತ್ರ ತಡೆಯುವ ಸ್ನಾಯುಗಳನ್ನು ಉಸಿರು ಕಟ್ಟದೆ ಬಿಗಿಹಿಡಿದು ಸಡಿಲಿಸುವುದನ್ನು ಹೇಳಿಕೊಟ್ಟರು. ತಿಂಗಳುಗಟ್ಟಲೆ ಬಿಡದೆ ಮಾಡಬೇಕು ಎಂದರು. ‘ಮಾಡ್ತೀನಿ ಬುಡವ್ವ. ಇಷ್ಟು ವರ್ಸ ನಿಂತ್ಕಂಡೇ ಓಡಾಡಿವ್ನಿ, ಇದೇನು ದೊಡ್ಡದು?’ ಎಂದು ಅಕ್ಕ ನಕ್ಕರು.

ಆ ಸಂಜೆ ಮನೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ವರ್ಷಗಳಿಂದ ಯಾವ ಮದುವೆಗೂ ಬಾರದ ನನ್ನ ಅತ್ತೆ ಹತ್ತಿರ ಬಂದು ಕೂತು, ‘ಮುಂದಿನ್ ಸಲ ನನ್ನೂ ಕರ್ಕಂಡೋಗವ್ವ’ ಎಂದರು.