ಹಳೆಯ ದೋಣಿಯನ್ನು ತಟ್ಟಿ ನೋಡಿದ ದಿನ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಶಿವಗಣಾರಾಧನೆಯ ದಿನ ಊಟಕ್ಕೆ ಬಂದವರೆಲ್ಲ ಅವರ ಕಿವಿಯನ್ನು ಹೊಗಳಿದ್ದೇ ಹೊಗಳಿದ್ದು. "ಹಾಲ್ಕುರಿಕೆ ತೋಂಟದಾರ್ಯನೋರ ಕಿವಿ ಅಂದ್ರೆ ಕಿವಿ ಕಣ್ರೀ, ಅಂಥದ್ದು ಇನ್ನು ಸಿಕ್ಕಲ್ಲ" ಎಂದು ಒಬ್ಬರು, ಹೌದು ಹೌದು ಎಂದು ಇನ್ನೊಬ್ಬರು. ನಾನು ಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆ ಕಿವಿ ಅವರಿಗಿಂತ ನಾಲ್ಕು ವರ್ಷ ಮೊದಲೇ ಸತ್ತಿತ್ತು. ಯಾರಿಗೂ ಹೇಳುವುದಿಲ್ಲವೆಂದು ನಾನು ಅವರಿಗೆ ಮಾತು ಕೊಟ್ಟಿದ್ದೆ.

ನಮ್ಮ ಸೀಮೆಯಲ್ಲಿ ಬಲಿತ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆತುರಪಟ್ಟು ಸುಲಿದರೆ ಕೊಬ್ಬರಿ ಹಸಿ, ಕೊಳೆತದ್ದಾದರೆ ಸದ್ದೇ ಬೇರೆ. ಯಾವ ಅಟ್ಟ ಯಾವಾಗ ಇಳಿಸಬೇಕೆಂದು ಹೇಳುವುದಕ್ಕೆ ಸುತ್ತಲಿನವರು ಇವರನ್ನೇ ಕರೆಯುತ್ತಿದ್ದರು. ಇವರು ನಾಲ್ಕು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, "ಇನ್ನೊಂದು ತಿಂಗ್ಳು ಬುಡು" ಎಂದರೆ ಮುಗಿಯಿತು, ಎದುರಾಡುವವರಿಲ್ಲ. ಐವತ್ತು ವರ್ಷ ಇದೇ ಅವರ ಮರ್ಯಾದೆ. ಓದು ಬರಹ ಅಷ್ಟಕ್ಕಷ್ಟೆ, ತೋಟ ಸಣ್ಣದು. ಊರಿನಲ್ಲಿ ಅವರಿಗೆ ಕುರ್ಚಿ ಹಾಕುತ್ತಿದ್ದುದು ಕಿವಿಗೇ.

ಕಿವಿ ಹೋಗಿದೆಯೆಂದು ನನಗೆ ಗೊತ್ತಾದದ್ದು ಒಲೆಯ ಮೇಲಿದ್ದ ಕುಕ್ಕರಿನಿಂದ. ನಾನು ಹಿತ್ತಲಲ್ಲಿದ್ದೆ, ಮೂರು ಕೂಗಿಗೆ ಆರಿಸಿ ಎಂದು ಹೇಳಿ ಹೋಗಿದ್ದೆ. ಏಳು ಕೂಗಿತು. ಓಡಿ ಬಂದರೆ ಈ ಪುಣ್ಯಾತ್ಮರು ಒಲೆಯ ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತ ಕೂತಿದ್ದಾರೆ! ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಅವರ ಮುಖ ನೋಡಿದೆ. ಜೋರಾಗಿ ಮಾತಾಡಿದರೆ ಕೇಳುತ್ತಿತ್ತು, ಸಣ್ಣ ಸದ್ದುಗಳೆಲ್ಲ ಹೋಗಿಬಿಟ್ಟಿದ್ದವು.

"ಯಾರ್ಗೂ ಹೇಳ್ಬ್ಯಾಡ ಕಣೇ ಮೀನಾಕ್ಷಿ," ಎಂದರು. "ಇದೊಂದ್ ಬುಟ್ರೆ ನನ್ ಹತ್ರ ಇನ್ನೇನೈತೆ?"

"ಹಂಗಾದ್ರೆ ಅಟ್ಟ ನೋಡೋಕೆ ಕರೆದ್ರೆ ಏನ್ ಮಾಡ್ತೀರಿ?"

"ಕಾಯಿ ಅಲ್ಲಾಡ್ಸಿದ್ರೆ ಕೈಗೆ ಗೊತ್ತಾಯ್ತದೆ. ಹೆಂಗೋ ನಡೀತದೆ ಬುಡು."

ಹೇಗೋ ನಡೆಯಿತು. ಎರಡು ವರ್ಷ ಯಾರಿಗೂ ಅನುಮಾನ ಬರಲಿಲ್ಲವೆಂದು ನಾವಿಬ್ಬರೂ ನಂಬಿದ್ದೆವು.

ಆಗ ಬಂತು ಲಿಖಿತಾಳ ಫೋನು. ಲಿಖಿತಾ ನಮ್ಮ ಮಗಳ ಮಗಳು. ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತು, ಈಗ ಕರಾವಳಿಯಲ್ಲೇ ಮಕ್ಕಳಿಗೆ ಕಲಿಸುತ್ತಾಳೆ. ನೀರೆಂದರೆ ಕಟ್ಟೆಯ ಮೇಲಿಂದ ಕೆರೆ ನೋಡಿ ಕೈಮುಗಿಯುವ ವಂಶದಲ್ಲಿ ಇವಳೊಬ್ಬಳು ಹೀಗೆ! ಗಾಳಿಯಲ್ಲಿ ಕೂಗಿ ಕೂಗಿ ಅವಳ ಗಂಟಲು ದೊಡ್ಡದಾಗಿತ್ತು, ಹಾಗಾಗಿ ತಾತನಿಗೆ ಕಿವಿ ಮಂದವೆಂದು ಅವಳಿಗೆ ತಿಳಿಯುವ ಸಂದರ್ಭವೇ ಬಂದಿರಲಿಲ್ಲ.

"ತಾತ, ನಂದೇ ಅಂತ ಒಂದು ಹಳೇ ದೋಣಿ ತಗೋತಿದ್ದೀನಿ. ಮರದ ಮೇಲೆ ಫೈಬರ್ ಹೊದಿಸಿರೋದು, ಇಪ್ಪತ್ತೈದು ವರ್ಷದ್ದು. ಅಂಥದ್ದನ್ನ ಮೈಯೆಲ್ಲ ತಟ್ಟಿ ಸದ್ದು ಕೇಳಬೇಕಂತೆ, ಒಳಗೆ ಮರ ಕೊಳೆತಿದ್ರೆ ಸದ್ದಲ್ಲೇ ಗೊತ್ತಾಗುತ್ತಂತೆ. ನಿಮಗಿಂತ ಕಿವಿ ಯಾರದ್ದು? ನೀವು ಹೂಂ ಅಂದ್ರೆ ತಗೋತೀನಿ. ಭಾನುವಾರವೇ ಮಕ್ಕಳನ್ನ ಕೂರಿಸ್ಕೊಂಡು ಸಮುದ್ರಕ್ಕೆ ಇಳಿಸ್ತೀನಿ."

ಇವರು "ಬತ್ತೀನಿ ಮಗಾ" ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಫೋನು ಇಟ್ಟ ಮೇಲೆ, "ಅದೇನು ಕಾಯಿ ಅಲ್ಲ ಕಣ್ರೀ, ಮಕ್ಕಳ ಜೀವ! ಬರಕ್ಕಾಗಲ್ಲ ಅನ್ನಿ" ಎಂದು ಕೂಗಾಡಿದೆ. ಅವರು ಹೊರಡಲು ಪಂಚೆ ಮಡಿಸಿಟ್ಟರು.

ದೋಣಿ ಕರಾವಳಿಯ ಒಂದು ಉಪ್ಪುನೀರಿನ ಹೊಳೆಯ ದಡದಲ್ಲಿ ದಿಮ್ಮಿಗಳ ಮೇಲೆ ನಿಂತಿತ್ತು. ಹೊಸದಾಗಿ ಬಿಳಿ ಬಣ್ಣ ಬಳಿದಿದ್ದರು. ಮಾರುವವನು ರಂಗನಾಥ್, ಹಡಗಿನ ಕೆಲಸದಿಂದ ನಿವೃತ್ತನಾದವನು, ಮೂಲ ನಮ್ಮ ಸೀಮೆಯ ಚಿಕ್ಕನಾಯಕನಹಳ್ಳಿಯೇ. "ನಿಮ್ ಹೆಸ್ರು ನಮ್ಮಪ್ಪ ಹೇಳ್ತಿದ್ರು ಯಜಮಾನ್ರೇ. ನೀವು ಮುಟ್ಟಿ ಸರಿ ಅಂದ್ರೆ ಅದೇ ಸರ್ಟಿಫಿಕೇಟು" ಎಂದು ಕೈಮುಗಿದ. ಹೊಗಳಿಕೆ ಇವರ ತಲೆಗೆ ಹತ್ತಿದರೆ ಏನು ಗತಿ ಎಂದು ನಾನು ಇವರ ಮುಖವನ್ನೇ ನೋಡಿದೆ.

ಲಿಖಿತಾ ಮೊದಲು ತನ್ನ ಪಾಲಿನದು ನೋಡಿದಳು. ಹಾಯಿಕಂಬವನ್ನು ಹಿಡಿದು ನಿಲ್ಲಿಸುವ ತಂತಿಗಳ ಮೇಲೆ ಹತ್ತಿಯ ಉಂಡೆ ಸವರಿದಳು, ಎಳೆ ಮುರಿದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದಂತೆ. ಹಾಯಿಯನ್ನು ಬಿಸಿಲಿಗೆ ಹಿಡಿದು ತೂತು ಹುಡುಕಿದಳು. ಚುಕ್ಕಾಣಿ ಅಲುಗಾಡಿಸಿದಳು. ತಳದ ಹಲಗೆ ಎತ್ತಿ, ಅಲ್ಲಿ ನಿಂತಿದ್ದ ನೀರಿಗೆ ಬೆರಳದ್ದಿ ನಾಲಗೆಗೆ ಇಟ್ಟುಕೊಂಡಳು. ಥೂ, ಏನೇ ಅದು ಎಂದೆ. "ಉಪ್ಪಿದ್ರೆ ತಳ ಸೋರ್ತಿದೆ ಅಂತ ಅಜ್ಜಿ. ಇದು ಸಪ್ಪೆ, ಮಳೆ ನೀರು" ಎಂದು ನಕ್ಕಳು. ನನಗೆ ಮಾತ್ರ ಆ ಹಲಗೆಯ ಕೆಳಗಿನಿಂದ ಅಟ್ಟದಲ್ಲಿ ಬೂಷ್ಟು ಹಿಡಿದ ಕಾಯಿಯ ವಾಸನೆ ಬಂತು. ಮಳೆಗಾಲದ ಮುಗ್ಗಲಿರಬಹುದು ಎಂದುಕೊಂಡೆ.

ಆಮೇಲೆ ಮರದ ಪುಟ್ಟ ಸುತ್ತಿಗೆಯನ್ನು ತಾತನ ಕೈಗಿಟ್ಟಳು.

ಇವರು ದೋಣಿಯ ಮೂತಿಯಿಂದ ಶುರುಮಾಡಿದರು. ಬಗ್ಗಿ ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ, ತಟ್ಟಿ ತಲೆಯಾಡಿಸಿದರು. ಐವತ್ತು ವರ್ಷದ ಅಭ್ಯಾಸ, ತಲೆ ತಾನಾಗಿಯೇ ಆಡುತ್ತಿತ್ತು. ಎಡಗೈಯನ್ನು ದೋಣಿಯ ಮೈಗೆ ಒತ್ತಿ ಇನ್ನೊಮ್ಮೆ ತಟ್ಟಿದರು. ಕಾಯಿ ಕೈಗೆ ಹೇಳುತ್ತಿತ್ತು, ದೋಣಿ ಏನೂ ಹೇಳಲಿಲ್ಲ. ಅದು ಅವರ ಹಣೆಯಲ್ಲಿ ಕಾಣಿಸಿತು. ನನ್ನ ಕಡೆ ತಿರುಗಿ ನೋಡಿದರು. ನಾನು ಮಾತು ಕೊಟ್ಟವಳು, ಸೆರಗು ಬಾಯಿಗೆ ಒತ್ತಿಕೊಂಡೆ. ಇವರು ಸುಳ್ಳು ಹೇಳಿದರೆ ಮಾತು ಮುರಿದೇಬಿಡುವುದು ಎಂದು ಶಿವನನ್ನು ನೆನೆದೆ.

"ಹೆಂಗೈತೆ ತಾತ? ತಗೊಳ್ಳಲಾ?" ಎಂದಳು ಲಿಖಿತಾ.

ಅವರು ಸುತ್ತಿಗೆ ಕೆಳಗಿಳಿಸಿದರು. "ಮಗಾ, ನಂಗೆ ಕೇಳ್ಸಲ್ಲ" ಎಂದರು. "ಎರಡ್ ವರ್ಸ ಆತು. ಕಿವಿ ಹೋಗೈತೆ. ನಾಚ್ಕೆಗೆ ಹೇಳಿರ್ಲಿಲ್ಲ."

ರಂಗನಾಥ್ ತಲೆ ತಗ್ಗಿಸಿದ. ಅವರ ಮುಖ ನೋಡಲಾರದೆ ನಾನು ಅತ್ತುಬಿಟ್ಟೆ. ಅವರು ಮಾತ್ರ ಸುತ್ತಿಗೆಯನ್ನು ಮೊಮ್ಮಗಳ ಕೈಗೆ ಕೊಟ್ಟು, "ನೀನೇ ತಟ್ಟು. ಮೊದ್ಲು ಗಟ್ಟಿ ಇರೋ ಕಡೆ ಹತ್ತು ಸಲ ತಟ್ಟಿ ಆ ಸದ್ದನ್ನ ಮನಸ್ಸಲ್ಲಿ ಇಟ್ಕೊ. ಆಮೇಲೆ ಒಂದೊಂದ್ ಗೇಣು ಜರುಗು. ಎಲ್ಲಿ ಸದ್ದು ಮಂಕಾಯ್ತದೋ ಅಲ್ಲಿ ನಿಲ್ಲು. ಆತುರ ಬ್ಯಾಡ" ಎಂದರು.

ಟಕ್, ಟಕ್, ಟಕ್ ಎಂದು ಹೋಯಿತು. ಒಂದು ಬದಿ ಮುಗಿಯಿತು. ಮೇಲೆ ಹತ್ತಿ ಹಾಯಿಕಂಬದ ಬುಡಕ್ಕೆ ಬಂದಾಗ ದೊಬ್ ಎಂದಿತು. ಮತ್ತೆ ತಟ್ಟಿದಳು, ದೊಬ್. ಇವರು ನಮ್ಮ ಮುಖಗಳನ್ನೇ ನೋಡುತ್ತಿದ್ದರು. "ಅಲ್ಲೇ ಅಲ್ವಾ?" ಎಂದರು.

ರಂಗನಾಥ್ ತಾನೇ ಚಾಕು ತಂದು ಕೆರೆದ. ಬಣ್ಣದ ಪದರ ಬಿಟ್ಟುಕೊಂಡಿತು, ಕೆಳಗಿನ ಮರ ನೆನೆದ ಅವಲಕ್ಕಿಯಂತೆ ಚಾಕುವಿಗೆ ಮೆತ್ತಿಕೊಂಡು ಬಂತು. ಕಂಬ ನಿಂತಿದ್ದುದು ಅದರ ಮೇಲೆ. "ಅಯ್ಯೋ ಶಿವನೇ, ಬಣ್ಣ ಬಳಿದೋನು ನಾನೇ, ಒಳಗೆ ಹಿಂಗಾಗಿರೋದು ಗೊತ್ತಿರ್ಲಿಲ್ಲ ಕಣ್ರೀ" ಎಂದು ಅವನು ಕುಸಿದು ಕೂತ. ಜೋರು ಗಾಳಿಗೆ ಕಂಬ ಮಕ್ಕಳ ಮೇಲೇ ಬೀಳುತ್ತಿತ್ತು ಎಂದು ಲಿಖಿತಾ ಆಮೇಲೆ ನನಗೆ ಹೇಳಿದಳು. ಆ ದೋಣಿಯನ್ನು ಅವಳು ಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಇವರು ನನ್ನಿಂದ ಮತ್ತೆ ಅದೇ ಮಾತು ತೆಗೆದುಕೊಂಡರು, ಹಾಲ್ಕುರಿಕೆಯಲ್ಲಿ ಯಾರಿಗೂ ತಿಳಿಯಬಾರದು. ಇನ್ನೆರಡು ವರ್ಷ ಅಟ್ಟ ಹತ್ತಿದರು, ಕಾಯಿ ಅಲ್ಲಾಡಿಸಿದರು, ಹೋಗಿಬಿಟ್ಟರು.

ಇದೆಲ್ಲ ಗಂಟಲಲ್ಲಿ ಇಟ್ಟುಕೊಂಡು ಆರಾಧನೆಯ ದಿನ ಎಷ್ಟು ಹೊತ್ತು ಕೂರಲಿ? ಪಕ್ಕದ ತೋಟದ ಮರುಳಸಿದ್ದಯ್ಯ ಇನ್ನೊಂದು ಸಲ ಕಿವಿ ಎಂದಾಗ ತಡೆಯಲಾಗಲಿಲ್ಲ. "ಸಾಕು ಬುಡಿ! ಅವರಿಗೆ ನಾಲ್ಕು ವರ್ಷದಿಂದ ಕಿವಿ ಕೇಳ್ತಿರ್ಲಿಲ್ಲ. ಇದ್ದ ಕಿವೀನ ಹೊಗಳ್ತೀರಿ, ಇಲ್ಲ ಅಂತ ಹೇಳೋಕೆ ಅವರಿಗೆ ಎಷ್ಟು ಕಷ್ಟ ಆಯ್ತು ಗೊತ್ತಾ ನಿಮಗೆ?" ಎಂದು ಕೂಗಿಬಿಟ್ಟೆ.

ಪಂಕ್ತಿಯಲ್ಲಿ ಯಾರೂ ತಲೆಯೆತ್ತಲಿಲ್ಲ. ಮರುಳಸಿದ್ದಯ್ಯ ಎಲೆಯ ಮುಂದಿನಿಂದ ಮೆಲ್ಲಗೆ, "ನಮ್ಗೂ ಗೊತ್ತಿತ್ತು ಕಣಕ್ಕ" ಎಂದ. "ಮೊದ್ಲೇ ನಾವೇ ಅಲ್ಲಾಡ್ಸಿ ನೋಡ್ಕೊಂಡು ಆಮೇಲೆ ಅಣ್ಣನ್ನ ಕರೀತಿದ್ವಿ. ಕೈಗೆ ಗೊತ್ತಾಗ್ದೆ ಇದ್ರೆ ನಮ್ ಮುಖ ನೋಡೋರು. ಅಣ್ಣಂಗೆ ಗೊತ್ತಾಗ್ಬಾರ್ದು ಅಂತ ಊರೆಲ್ಲ ಸುಮ್ನಿತ್ತು."

ಬಡಿಸುತ್ತಿದ್ದ ಲಿಖಿತಾ ಪಾಯಸದ ಪಾತ್ರೆ ಹಿಡಿದುಕೊಂಡೇ ಅಳುತ್ತಿದ್ದಳು. ದೋಣಿ ನೋಡಿದ ಆ ದಿನದವರೆಗೆ ನಮ್ಮ ಬಳಗದಲ್ಲಿ ನಿಜ ಗೊತ್ತಿಲ್ಲದೆ ಇದ್ದವಳು ಅವಳೊಬ್ಬಳೇ. ಅವಳಿಗೆ ಮಾತ್ರ ಅವರು ತಾವೇ ಹೇಳಿದ್ದರು.